ಟಿಳಕರ ಸ್ವಯಂವಾದ

1908ರ ಜುಲೈ 13ರಂದು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಆರಂಭವಾದ ರಾಜದ್ರೋಹದ ಮೊಕದ್ದಮೆಯಲ್ಲಿ ಲೋಕಮಾನ್ಯ ಟಿಳಕರು ತಮ್ಮ ಪರವಾಗಿ ತಾವೇ ವಾದಿಸಿದರು. ಕಾನೂನಿನ ಪದವೀಧರರಾದ ಅವರಿಗೆ ವಕೀಲರ ಅಭಾವವೇನೂ ಇರಲಿಲ್ಲ. ಜಾಮೀನಿನ ಅರ್ಜಿಯನ್ನು ಜಿನ್ನಾರವರೇ ಮಂಡಿಸಿದ್ದರು. ಆದರೆ ವಿವಾದವಿದ್ದುದು ‘ಕೇಸರಿ’ಯ ಮರಾಠಿ ಲೇಖನಗಳ ಅರ್ಥದಲ್ಲಿ. ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರಸಿಗಳು. ಅವರ ಮುಂದಿದ್ದುದು ಇಂಗ್ಲಿಷ್ ಭಾಷಾಂತರ. ಮೂಲದ ಧ್ವನಿಯನ್ನು ಬರೆದವನಲ್ಲದೆ ಮತ್ತಾರು ಬಿಡಿಸಿ ಹೇಳಬಲ್ಲರು? 21 ಗಂಟೆ 10 ನಿಮಿಷಗಳ ಆ ಇಂಗ್ಲಿಷ್ ಭಾಷಣದಲ್ಲಿ ಭಾಷಾಂತರದ ದೋಷವಿಮರ್ಶೆಗೆ ದೊರೆತ ಸ್ಥಾನ ಅಲ್ಪವಲ್ಲ. ಭಾಷಣ ದೀರ್ಘವಾಯಿತೆಂಬ ಆಕ್ಷೇಪ ನಿಲ್ಲಲಾರದು; ಪರಭಾಷೆಯಲ್ಲಿ ಸ್ವಭಾಷೆಯ ಅರ್ಥವನ್ನು ಸಾಧಿಸುವ ಕೆಲಸ ಹ್ರಸ್ವವಾಗುವುದೆಂತು? ವಿಚಾರಣೆ ನಡೆಸಿದ ನ್ಯಾಯಮೂರ್ತಿ ದಾವರರು 1897ರಲ್ಲಿ ಟಿಳಕರಿಗೇ ಜಾಮೀನು ಕೊಡಿಸಿದ್ದ ವಕೀಲರೆಂಬುದು ವಿಧಿವೈಚಿತ್ರ್ಯ. ಜುಲೈ 22ರ ರಾತ್ರಿ, ಏಳಕ್ಕೆ ಎರಡು ಮತಗಳಿಂದ ದೋಷಿಯೆಂದು ನಿರ್ಣಯವಾಗಿ ಆರು ವರ್ಷಗಳ ಗಡೀಪಾರು ಶಿಕ್ಷೆ ವಿಧಿಸಲಾಯಿತು. ಅದನ್ನು ಅವರು ಬರ್ಮಾದ ಮಂಡಾಲೆಯ ಸೆರೆಯಲ್ಲಿ ಕಳೆದರು.