ಗೋಡು ಹೊಡೆದ ಬೇಸಿಗೆಗಳು

ಯುಗಾದಿ ಕಳೆದು ಕೆರೆಯಂಗಳ ಬಿರುಕು ಬಿಟ್ಟಿತೆಂದರೆ ನಮ್ಮ ತಾತ ಎತ್ತಿನಗಾಡಿಯ ಅಚ್ಚಿಗೆ ಎಣ್ಣೆ ಬಿಡುತ್ತಿದ್ದರು. ಕೋಲಾರದ ಕಡೆಯ ನಮ್ಮೂರಲ್ಲಿ ಅದು ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೊಡೆಯುವ ಕಾಲ. ನಮ್ಮದು ಕೆಂಪು ಮರಳುಮಣ್ಣು. ನೀರು ಕಟ್ಟಿದರೆ ಸರ್ರನೆ ಇಳಿದುಹೋಗುತ್ತದೆ. ಗೋಡಿನ ನುಣುಪು ಜೇಡಿ ಮರಳಿನ ಕಣಗಳನ್ನು ಬೆಸೆದು ತೇವ ಹಿಡಿದಿಡುತ್ತಿತ್ತು. ತಾತ ಹಸಿಮಣ್ಣನ್ನು ಮುಷ್ಟಿಯಲ್ಲಿ ಅಮುಕಿ ನೋಡುವರು: ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಗೋಡು ಮಿತಿಮೀರಿದರೆ ನೆಲ ಗಟ್ಟಿಯಾಗಿ ಬೇರು ಉಸಿರುಕಟ್ಟುತ್ತದೆಂದು ತಿಪ್ಪೆಗೊಬ್ಬರ ಬೆರೆಸದೆ ಹರಡಿದವರಲ್ಲ. ಗೋಡು ಹರಡಿದ ಮಡಿಯ ಬದನೆ ಗಿಡಗಳು ಒಂದು ನೀರು ತಪ್ಪಿದರೂ ಬಾಡುತ್ತಿರಲಿಲ್ಲ, ಕಾಯಿ ಉದುರಿಸುತ್ತಿರಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಹೊಲಕ್ಕೆ ಗೋಡು ಬಂದಷ್ಟೂ ಕೆರೆಯ ಹೂಳು ಕಡಿಮೆಯಾಗುತ್ತಿತ್ತು. ಎರಡಕ್ಕೂ ಲಾಭವಿದ್ದ ಇಂಥ ಪದ್ಧತಿ ಇನ್ನೊಂದಿಲ್ಲ. ಆಮೇಲೆ ಕೊಳವೆಬಾವಿ ಬಂತು, ಮೂಟೆಗೊಬ್ಬರ ಬಂತು, ಗಾಡಿಗಳು ಮೂಲೆ ಸೇರಿದವು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಕೆರೆ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಹೂಳಿನ ಮಾತು ಮತ್ತೆ ಎದ್ದಿತು. 2018ರಿಂದ ಕೋಲಾರದ ಹಲವು ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಹರಿಯುತ್ತಿದೆ. ಕೆರೆ ತುಂಬಿದ್ದು ಸಂತೋಷವೇ. ಆದರೆ ಆ ನೀರಿನ ಕಲ್ಮಶ ಗೋಡಿನಲ್ಲಿ ತಂಗಿರಬಹುದು; ಟೊಮೆಟೊ ಬೆಳೆಯುವ ಅಣ್ಣಂದಿರೇ, ಆ ಕೆರೆಗಳ ಗೋಡನ್ನು ಹೊಲಕ್ಕೆ ಹೊಡೆಯುವ ಮೊದಲು ಒಂದು ಹಿಡಿಯನ್ನು ಪರೀಕ್ಷೆಗೆ ಕೊಡಿ.