ಹೊಸಕೋಟೆಯಿಂದ ಕಂಡ ಜೋಡಿ ನಕ್ಷತ್ರದ ಸ್ಫೋಟ

ನಮ್ಮ ವಿಜ್ಞಾನ ಮೇಷ್ಟ್ರು ಒಂದು ಸಂಜೆ ಶಾಲೆಯ ಮೈದಾನದಲ್ಲಿ ನಿಲ್ಲಿಸಿ ಸಪ್ತರ್ಷಿ ಮಂಡಲ ತೋರಿಸಿದ್ದರು. ಆಗ ನಾವು ಹೊಸಕೋಟೆಗೆ ಹೋಗುವಾಗ ಶಿಡ್ಲಘಟ್ಟ ರಸ್ತೆಯ ಒಂದು ಕಾಂಪೌಂಡನ್ನು ಬಸ್ಸಿನಿಂದ ನೋಡುತ್ತಿದ್ದೆವು. ಒಳಗೇನಿದೆ ಎಂದು ಯಾರೂ ಕೇಳಲಿಲ್ಲ. ಅದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಕೇಂದ್ರವೆಂದು ನನಗೆ ತಿಳಿದದ್ದು ಬಿ.ಇ. ಮುಗಿದ ಮೇಲೆ.

ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದು ಮೊದಲ ಬಾರಿ ಆಕಾಶ ನೋಡಿದ್ದು 2000ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಚಳಿ ವಿಪರೀತ, ಉಸಿರಾಟವೂ ಕಷ್ಟ. ಹಾಗಾಗಿ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ‘ರಿಮೋಟ್ ವರ್ಕ್’ ಎಂದು ಈಗ ನಮ್ಮ ಕಂಪನಿಗಳವರು ಹೇಳಿಕೊಳ್ಳುವುದನ್ನು ಇವರು ಬಹಳ ಹಿಂದೆಯೇ ಮಾಡಿದ್ದರು!

2014ರ ಜನವರಿ 21ರಂದು ಲಂಡನ್ನಿನಲ್ಲಿ ಸ್ಟೀವ್ ಫಾಸಿ ಎಂಬ ಅಧ್ಯಾಪಕರು ವಿದ್ಯಾರ್ಥಿಗಳಿಗೆ ದೂರದರ್ಶಕ ಬಳಸುವುದನ್ನು ಹೇಳಿಕೊಡುತ್ತಿದ್ದರು. ಮೋಡ ಕವಿಯುವ ಮೊದಲು ಅವಸರದಲ್ಲಿ ಸಪ್ತರ್ಷಿ ಮಂಡಲದ ಕಡೆಯ ಎಂ82 ಗೆಲಾಕ್ಸಿಯನ್ನು ನೋಡಿದರೆ, ಅಲ್ಲೊಂದು ಹೊಸ ಚುಕ್ಕೆ! ಅದಕ್ಕೆ ಎಸ್‌ಎನ್ 2014ಜೆ ಎಂಬ ಹೆಸರಾಯಿತು. ಆ ಬೆಳಕು ಅಲ್ಲಿಂದ ಹೊರಟು ಸುಮಾರು 1.2 ಕೋಟಿ ವರ್ಷವಾಗಿತ್ತು. ಹಾನ್ಲೆಯ ದೂರದರ್ಶಕವೂ ಅದರ ಬೆಳಕು ಏರಿ ಇಳಿಯುವುದನ್ನು ಅಳೆಯಿತು.

ಸೂರ್ಯನಂಥ ನಕ್ಷತ್ರ ಉರಿದು ಮುಗಿದಾಗ ಉಳಿಯುವ, ಭೂಮಿಯಷ್ಟೇ ಗಾತ್ರದ ಬಿಸಿ ಗಟ್ಟಿಯೇ ಶ್ವೇತಕುಬ್ಜ. ಒಂಟಿಯಾಗಿದ್ದರೆ ಅದು ತಣ್ಣಗಾಗುತ್ತಾ ಹೋಗುತ್ತದೆ, ಅಷ್ಟೇ. ಪಕ್ಕದಲ್ಲಿ ಜೊತೆಗಾರ ನಕ್ಷತ್ರವಿದ್ದರೆ ಅದರ ಅನಿಲವನ್ನು ಎಳೆದುಕೊಂಡು ತೂಕ ಏರಿಸಿಕೊಳ್ಳಬಹುದು. ಈ ತೂಕಕ್ಕೊಂದು ಮಿತಿಯಿದೆಯೆಂದು 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಲೆಕ್ಕ ಹಾಕಿದವರು 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಹಾನ್ಲೆಯ ದೂರದರ್ಶಕಕ್ಕೆ ಅವರದೇ ಹೆಸರು. ಆ ಮಿತಿ ಸುಮಾರು 1.4 ಸೂರ್ಯರಷ್ಟು. ಅದರ ಹತ್ತಿರ ಬಂದಾಗ ಒಳಗಿನ ಕಾರ್ಬನ್ ಹೊತ್ತಿಕೊಂಡು ಇಡೀ ನಕ್ಷತ್ರ ಸಿಡಿದುಹೋಗುತ್ತದೆ. ಆಗ ಹುಟ್ಟುವ ವಿಕಿರಣಶೀಲ ನಿಕ್ಕಲ್ ಮೊದಲು ಕೋಬಾಲ್ಟ್, ಕೊನೆಗೆ ಕಬ್ಬಿಣವಾಗುತ್ತದೆ. ನಮ್ಮ ಮನೆಯ ಗುದ್ದಲಿ, ಕುಡುಗೋಲಿನ ಕಬ್ಬಿಣದಲ್ಲಿ ಇಂಥ ಸ್ಫೋಟಗಳ ಪಾಲೂ ಇದೆ.

ಎರಡು ಶ್ವೇತಕುಬ್ಜಗಳೇ ಸುತ್ತುತ್ತಾ ಬಂದು ಒಂದಾಗಿಯೂ ಸಿಡಿಯಬಹುದು. ಯಾವ ದಾರಿ ಎಂಬುದು ಸಣ್ಣ ಪ್ರಶ್ನೆಯಲ್ಲ. ಇಂಥ ಸ್ಫೋಟಗಳ ಬೆಳಕನ್ನೇ ಅಳತೆಗೋಲು ಮಾಡಿಕೊಂಡು, ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆಯೆಂದು 1998ರಲ್ಲಿ ಕಂಡುಕೊಂಡರು. ಅಳತೆಗೋಲು ಹೇಗೆ ತಯಾರಾಗುತ್ತದೆಂದು ತಿಳಿಯದಿದ್ದರೆ ಅಳತೆಯನ್ನು ಎಷ್ಟು ನಂಬುವುದು? 2014ಜೆ ಸಿಡಿದ ಜಾಗದ ಹಳೆಯ ಹಬಲ್ ಚಿತ್ರಗಳನ್ನು ತೆಗೆದು ನೋಡಿದರು. ಪ್ರಖರವಾದ ಕೆಂಪು ದೈತ್ಯ ನಕ್ಷತ್ರ ಅಲ್ಲಿರಲಿಲ್ಲ. ಜೊತೆಗಾರ ಯಾರೆಂಬ ಹುಡುಕಾಟ ಇನ್ನೂ ಮುಗಿದಿಲ್ಲ.