ಲಕ್ಕುಂಡಿಯಿಂದ ಚಂದ್ರಗಿರಿಯವರೆಗೆ: ಪುಸ್ತಕದ ಖರ್ಚು ಹೊತ್ತ ಮಹಿಳೆಯರು

ಗದಗ ಮುದ್ರಣಕ್ಕೆ ಹೆಸರಾದ ಊರು, ಬೆಟಗೇರಿ ನೇಕಾರಿಕೆಗೆ. ಈ ಅವಳಿ ನಗರದ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸಿ ಸಂಸಾರ ಸಾಗಿಸಿದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಓದುಗರಲ್ಲಿಯೂ ಇರಬಹುದು. ಪುಸ್ತಕವೊಂದು ಓದುಗರ ಕೈ ಸೇರುವ ಮೊದಲು ಯಾರಾದರೂ ಒಬ್ಬರು ಕಾಗದದ, ಕೂಲಿಯ, ರಟ್ಟು ಕಟ್ಟುವ ಖರ್ಚನ್ನು ಹೊರಬೇಕಾಗುತ್ತದೆ ಎಂಬುದನ್ನು ಅಂಥವರಿಗೆ ವಿವರಿಸಬೇಕಾಗಿಲ್ಲ. ಮಹಿಳಾ ಸಾಹಿತ್ಯದ ಚರಿತ್ರೆಯಲ್ಲಿ ಲೇಖಕಿಯರ ಹೆಸರುಗಳು ಬರುತ್ತವೆ. ಖರ್ಚು ಹೊತ್ತವರ ಹೆಸರು ಬರುವುದು ಕಡಿಮೆ. ಪ್ರಸ್ತುತ ಲೇಖನ ಅವರನ್ನು ಕುರಿತದ್ದು.

ಇದರ ಮೊದಲ ಅಧ್ಯಾಯ ನಮ್ಮ ಜಿಲ್ಲೆಯಲ್ಲಿಯೇ ಇದೆ. ಗದಗದಿಂದ ಕೊಪ್ಪಳದ ರಸ್ತೆಯಲ್ಲಿ ಸಿಗುವ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಜೈನ ಬಸದಿ ಇಂದಿಗೂ ನಿಂತಿದೆ. ಅಲ್ಲಿಯ 1007ರ ಶಾಸನ ಆಕೆಯ ದಾನಗಳನ್ನು ಹೊಗಳುತ್ತದೆ. ಗಂಡ ನಾಗದೇವ ತೀರಿಕೊಂಡ ಮೇಲೆ ಆಕೆ ಮಾಡಿದ ಕೆಲಸಗಳಲ್ಲಿ ಎರಡು ನಮಗೆ ಮುಖ್ಯ. ರನ್ನನಿಂದ 993ರಲ್ಲಿ 'ಅಜಿತಪುರಾಣ'ವನ್ನು ಬರೆಸಿದ್ದು ಒಂದು. ಪೊನ್ನನ 'ಶಾಂತಿಪುರಾಣ'ಕ್ಕೆ 1,000 ಪ್ರತಿಗಳನ್ನು ಮಾಡಿಸಿ ಹಂಚಿದ್ದು ಇನ್ನೊಂದು. ತಾಳೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತೀಡಿ, ದಾರ ಪೋಣಿಸಿ ಸಾವಿರ ಪ್ರತಿ ಎಂದರೆ ಎಷ್ಟು ಜನ ಲಿಪಿಕಾರರು, ಎಷ್ಟು ದಿನಗಳ ದುಡಿಮೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. ಇಂದು ಕನ್ನಡದ ಕಥಾಸಂಕಲನವೊಂದನ್ನು ಆಫ್‌ಸೆಟ್ ಯಂತ್ರದಲ್ಲಿ ಅಚ್ಚು ಹಾಕಿಸುವವರೂ ಸಾಮಾನ್ಯವಾಗಿ ಸಾವಿರ ಪ್ರತಿಯ ಮಾತನ್ನೇ ಆಡುತ್ತಾರೆ!

ಆದರೆ ಆ ಸಾವಿರ ಪ್ರತಿಗಳಲ್ಲಿದ್ದ ಕಾವ್ಯ ಪುರುಷನದು. ಹಣ ಹೆಣ್ಣಿನದು, ಬರಹ ಗಂಡಿನದು. ಮುಂದೆ ಶರಣೆಯರು ವಚನಗಳನ್ನು ರಚಿಸಿದರು ನಿಜ, ಆದರೆ ಅವುಗಳನ್ನು ಪ್ರತಿ ಮಾಡಿ ಉಳಿಸುವ ವ್ಯವಸ್ಥೆ ಅವರ ಕೈಯಲ್ಲಿರಲಿಲ್ಲ. ಬರಹವೂ ಪ್ರಕಟಣೆಯೂ ಹೆಣ್ಣಿನ ಕೈಗೆ ಬರಲು ಅಚ್ಚಿನ ಯುಗದವರೆಗೆ ಕಾಯಬೇಕಾಯಿತು. ಉರ್ದುವಿನಲ್ಲಿ ಈ ಕೆಲಸ ಕನ್ನಡಕ್ಕಿಂತ ಸ್ವಲ್ಪ ಮೊದಲೇ ಆರಂಭವಾಯಿತು. 1898ರಲ್ಲಿ ಲಾಹೋರಿನಲ್ಲಿ ಮೌಲ್ವಿ ಸಯ್ಯದ್ ಮುಮ್ತಾಜ್ ಅಲಿ ಆರಂಭಿಸಿದ 'ತಹಜೀಬ್-ಎ-ನಿಸ್ವಾನ್' ವಾರಪತ್ರಿಕೆಗೆ ಅವರ ಪತ್ನಿ ಮುಹಮ್ಮದಿ ಬೇಗಂ ಸಂಪಾದಕಿಯಾಗಿದ್ದರು. ಪರದೆಯೊಳಗಿನ ಹೆಣ್ಣುಮಕ್ಕಳು ಬರೆದದ್ದು ಅಚ್ಚಾಗಿ ಮತ್ತೆ ಪರದೆಯೊಳಗಿನ ಮನೆಗಳಿಗೇ ಹೋಗಿ ತಲುಪುತ್ತಿತ್ತು.

ಕನ್ನಡದಲ್ಲಿ ಆ ಸ್ಥಾನ ನಂಜನಗೂಡು ತಿರುಮಲಾಂಬಾ ಅವರದು (1887-1982). ಬಾಲ್ಯವಿವಾಹ, 14ನೆಯ ವಯಸ್ಸಿನಲ್ಲಿ ವೈಧವ್ಯ, ನಂತರ ತಂದೆಯ ಆಸರೆಯಲ್ಲಿ ಮನೆಯಲ್ಲಿಯೇ ಓದು. ಅಂದಿನ ಸಮಾಜದಲ್ಲಿ ಇಂಥ ಹೆಣ್ಣುಮಗಳು ಅಡುಗೆಮನೆಯ ಮೂಲೆ ಸೇರಬೇಕಾಗಿತ್ತು. ತಿರುಮಲಾಂಬಾ ನೆರೆಹೊರೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು, ಕಾದಂಬರಿ ಬರೆದರು, 1913ರಲ್ಲಿ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಹುಟ್ಟುಹಾಕಿ 'ಸುಶೀಲೆ'ಯನ್ನು ಹೊರತಂದರು. ಆ ಮಾಲೆಯಲ್ಲಿ ಬಂದ ಪುಸ್ತಕಗಳಲ್ಲಿ ಅವರವೇ ಹೆಚ್ಚು, ಇತರರವೂ ಇದ್ದವು. ಮುಂದೆ 'ಕರ್ನಾಟಕ ನಂದಿನಿ', 'ಸನ್ಮಾರ್ಗದರ್ಶಿನಿ' ಪತ್ರಿಕೆಗಳನ್ನೂ ನಡೆಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಎಲ್ಲವೂ ಒಬ್ಬರೇ. ಹಿಂದೆ ಕಂಪನಿ ಇರಲಿಲ್ಲ, ಸರ್ಕಾರದ ಇಲಾಖೆಯೂ ಇರಲಿಲ್ಲ. ಅವರ ವಿಚಾರಗಳಲ್ಲಿ ಇಂದಿನವರಿಗೆ ಹಳೆಯದೆನಿಸುವುದು ಬೇಕಾದಷ್ಟಿದೆ, ಗ್ರಂಥಮಾಲೆಯ ಹೆಸರೇ ಅದನ್ನು ಹೇಳುತ್ತದೆ. ಆದರೂ ಆ ಹೆಸರಿನ ಆಸರೆ ಇಲ್ಲದಿದ್ದರೆ ಆ ಪುಸ್ತಕಗಳನ್ನು ಗೃಹಸ್ಥರು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೇ ಎಂಬುದು ನನ್ನ ಸಂದೇಹ.

ಇಂಥ ಪ್ರಕಾಶನಗಳ ದೌರ್ಬಲ್ಯವೂ ಇಲ್ಲಿಯೇ ಕಾಣುತ್ತದೆ. ಅಚ್ಚುಮೊಳೆಯ ಕಾಲದಲ್ಲಿ ಒಂದು ಫಾರಂ ಮುದ್ರಣವಾದ ಮೇಲೆ ಮೊಳೆಗಳನ್ನು ಬಿಚ್ಚಿ ಮುಂದಿನ ಪುಟಗಳಿಗೆ ಬಳಸಲಾಗುತ್ತಿತ್ತು. ಮರುಮುದ್ರಣ ಬೇಕೆಂದರೆ ಮತ್ತೆ ಮೊದಲಿನಿಂದ ಮೊಳೆ ಜೋಡಿಸಬೇಕು, ಮತ್ತೆ ಅಷ್ಟೇ ಕೂಲಿ ಕೊಡಬೇಕು. ಒಬ್ಬರೇ ಹೊತ್ತ ಭಾರವನ್ನು ಅವರು ಇಳಿಸಿದಾಗ ಪಕ್ಕದಲ್ಲಿ ಹೆಗಲು ಕೊಡುವವರಿರುವುದಿಲ್ಲ. ತಿರುಮಲಾಂಬಾ ಮದ್ರಾಸು ಸೇರಿದರು. ಕನ್ನಡ ನಾಡು ಅವರನ್ನು ಎಷ್ಟು ಮರೆಯಿತೆಂದರೆ, ಪ್ರಾಧ್ಯಾಪಕಿ ಚಿ.ನ. ಮಂಗಳಾ ಅವರು ಮದ್ರಾಸಿನಲ್ಲಿ ಅವರನ್ನು ಹುಡುಕಿ ಪತ್ತೆ ಮಾಡಬೇಕಾಯಿತು. ಮಂಗಳಾ ಅವರು ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಕಾಲೇಜಿನಲ್ಲಿ ಕಟ್ಟಿದ 'ಶಾಶ್ವತಿ' ಸಂಸ್ಥೆ ಲೇಖಕಿಯರಿಗೆ ತಿರುಮಲಾಂಬಾ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಇನ್ನು ನಮ್ಮ ಸಮುದಾಯಕ್ಕೆ ಹತ್ತಿರದ ಸಾರಾ ಅಬೂಬಕ್ಕರ್ (1936-2023). ಹುಟ್ಟಿದ್ದು ಚಂದ್ರಗಿರಿ ಹೊಳೆಯ ಕಾಸರಗೋಡಿನಲ್ಲಿ. ಮನೆಮಾತು ಮಲಯಾಳ, ಶಾಲೆಯಲ್ಲಿ ಕಲಿತದ್ದು ಕನ್ನಡ. ಅವರ ಪೀಳಿಗೆಯ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಹೈಸ್ಕೂಲು ಕಂಡವರು ವಿರಳ. ಮದುವೆಯಾಗಿ, ನಾಲ್ಕು ಗಂಡುಮಕ್ಕಳನ್ನು ಬೆಳೆಸಿ, 45ರ ಆಸುಪಾಸಿನಲ್ಲಿ ಅವರು ಬರವಣಿಗೆಗೆ ಇಳಿದರು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾಯಿತು. ತಂದೆಯ ಹಠಕ್ಕೆ ತಲಾಖ್ ಪಡೆದು, ಮರಳಿ ಅದೇ ಗಂಡನನ್ನು ಸೇರಲು ದಾರಿ ಕಾಣದ ನಾದಿರಾಳ ಕಥೆ ಅದು. ವಿರೋಧ ಜೋರಾಗಿಯೇ ಬಂತು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿಯೂ ಅವರು ಅದನ್ನು ಎದುರಿಸಬೇಕಾಯಿತು. ಲೇಖಕಿಯ ವಿಚಾರಗಳನ್ನು ಒಪ್ಪುವುದು, ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಪುಸ್ತಕ ತೆರೆಯದೆಯೇ ತೀರ್ಪು ಕೊಟ್ಟವರು ಆಗ ಬಹಳ ಜನರಿದ್ದರು, ಈಗಲೂ ಇಲ್ಲವೆಂದಲ್ಲ. ಒಂದೇ ಉಸಿರಿನ ಮೂರು ತಲಾಖ್ ಸಿಂಧುವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಕಾದಂಬರಿ ಬಂದು ಅಷ್ಟರಲ್ಲಿ 33 ವರ್ಷಗಳಾಗಿದ್ದವು.

ಸಾರಾ ಅವರು 1990ರಿಂದ 1994ರವರೆಗೆ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿದ್ದರು. ಸಂಘದ ಹೆಸರಿನಲ್ಲಿ ಬರೆಯುವವರ ಜೊತೆಗೆ ಓದುವವರೂ ಇರುವುದನ್ನು ಗಮನಿಸಬೇಕು. 1994ರಲ್ಲಿಯೇ ಮಂಗಳೂರಿನಲ್ಲಿ ತಮ್ಮದೇ 'ಚಂದ್ರಗಿರಿ ಪ್ರಕಾಶನ'ವನ್ನು ಆರಂಭಿಸಿದರು. ಆ ಹೊತ್ತಿಗೆ ಅವರು ಹೆಸರಾಂತ ಲೇಖಕಿ, ಅಕಾಡೆಮಿಯ ಪ್ರಶಸ್ತಿ ಬಂದು ಹತ್ತು ವರ್ಷವಾಗಿತ್ತು, ಪ್ರಕಾಶಕರು ಸಿಗದ ಸ್ಥಿತಿಯಲ್ಲ. ಆದರೂ ಯಾವ ಪುಸ್ತಕ ಬರಬೇಕು, ಯಾವುದು ಮತ್ತೆ ಅಚ್ಚಾಗಬೇಕು ಎಂಬ ನಿರ್ಧಾರ ತನ್ನ ಕೈಯಲ್ಲಿರುವುದು ಬೇರೆಯೇ ಮಾತು. ಇಂಥ ಕೆಲಸದಲ್ಲಿ ದುಡ್ಡು ಉಳಿಯುವುದಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯಬೇಕು, ಮಾರಾಟಗಾರರಿಗೆ ರಿಯಾಯಿತಿ ಬಿಡಬೇಕು, ಉಳಿದ ಪ್ರತಿಗಳಿಗೆ ಮನೆಯಲ್ಲಿ ಜಾಗ ಮಾಡಿಕೊಡಬೇಕು.

ಈ ಭಾರವನ್ನು ಹಲವರ ಹೆಗಲಿಗೆ ಹಂಚುವುದು ಸಾಧ್ಯವೇ? ಇಂಗ್ಲೆಂಡಿನ 'ಅಂಡ್ ಅದರ್ ಸ್ಟೋರೀಸ್' ಎಂಬ ಲಾಭದ ಉದ್ದೇಶವಿಲ್ಲದ ಸಣ್ಣ ಪ್ರಕಾಶನ ಇದಕ್ಕೆ ಒಂದು ಉದಾಹರಣೆ. ಪಾಕಿಸ್ತಾನ ಮೂಲದ ಲೇಖಕಿ ಕಮೀಲಾ ಶಮ್ಸಿ, 2018ರ ಇಡೀ ವರ್ಷ ಮಹಿಳೆಯರ ಪುಸ್ತಕಗಳನ್ನಷ್ಟೇ ಪ್ರಕಟಿಸಿ ನೋಡಿ ಎಂದು ಪ್ರಕಾಶಕರಿಗೆ ಸವಾಲು ಹಾಕಿದ್ದರು. ದೊಡ್ಡ ಕಂಪನಿಗಳು ಮುಂದೆ ಬರಲಿಲ್ಲ, ಈ ಸಣ್ಣ ಸಂಸ್ಥೆ ಒಪ್ಪಿ ಹಾಗೆಯೇ ನಡೆದುಕೊಂಡಿತು. ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನವನ್ನು ಪ್ರಕಟಿಸಿದ್ದೂ ಇದೇ ಸಂಸ್ಥೆ. 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂದಿತು. ಕನ್ನಡದ ಕೃತಿಯೊಂದಕ್ಕೆ ಈ ಬಹುಮಾನ ಸಂದದ್ದು ಅದೇ ಮೊದಲು.

ಕರ್ನಾಟಕ ಸರ್ಕಾರ ಲೇಖಕಿಯರಿಗೆ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಯನ್ನು ಸಾರಾ ಅವರೂ ಪಡೆದಿದ್ದರು, ಬಾನು ಅವರೂ ಪಡೆದಿದ್ದಾರೆ. ಇಂಗ್ಲೆಂಡಿನ ಆ ಪ್ರಕಾಶನಕ್ಕೆ ಅತ್ತಿಮಬ್ಬೆಯಂಥ ಒಬ್ಬ ದಾನಿ ಇಲ್ಲ. ಮುಂಗಡ ಹಣ ಕೊಡುವ ಚಂದಾದಾರರ ಬಲವೂ ಅದರ ಹಿಂದಿದೆ. ಅವರ ಹೆಸರುಗಳನ್ನು ಅದು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚು ಹಾಕುತ್ತದೆ.